ಗೋಡೆ ಕಡೆ ಮೂತಿ

ಈ ಬೆಂಚಿಗೂ ಅದೇ ಹಳದಿ ಬಳಿದಿದ್ದಾರೆ, ಶೆಲ್ ನಿಲ್ಲಿಸುವ ಸ್ಟ್ಯಾಂಡುಗಳಿಗೆ ಬಳಿದು ಉಳಿದದ್ದಿರಬೇಕು, ಕೈಯೂರಿದರೆ ಇನ್ನೂ ಅಂಟುತ್ತದೆ, ಕರೆಯುವವರೆಗೆ ಕೂತಿರಮ್ಮ ಎಂದು ಜವಾನ ಹೇಳಿ ಹೋದ, ಒಳಗೆ ವಿಚಾರಣೆಯವರ ಮುಂದೆ ಮಾವ ಮಾತಾಡುತ್ತಿದ್ದಾನೆ, ಅಮ್ಮನ ಅಣ್ಣ, ನನ್ನ ಫೋರ್‌ಮನ್, ಎದುರಿಗೆ ಬನ್ನಿ ಹೋಗಿ, ಮನಸ್ಸಿನೊಳಗೆ ಈ ವಾರದಿಂದ ಏಕವಚನ — ಅಗೋ, ನಕ್ಕ, ಒಬ್ಬ ಮನುಷ್ಯ ಸುಟ್ಟು ಮಲಗಿರುವಾಗ ನಗುವುದಕ್ಕೂ ಸರ್ವಿಸ್ ಆಗಿರಬೇಕು, ನನ್ನದು ಬರೀ ಎರಡು ವರ್ಷ, ಮದ್ದುಗುಂಡಿನ ಕಾರ್ಖಾನೆಗೆ ಸೇರಿದ ದಿನ ಇದೇ ಮಾವ ಉದ್ದಕ್ಕೆ ಸೀಳಿಟ್ಟ ಮಾದರಿ ಶೆಲ್ ತೋರಿಸಿದ್ದ, ನೋಡು, ಇದು ಉಕ್ಕಿನ ಹೊಟ್ಟೆ, ಮೂತಿಗೆ ಫ್ಯೂಸ್, ಸೊಂಟಕ್ಕೆ ತಾಮ್ರದ ಪಟ್ಟಿ, ತೋಪಿನೊಳಗಿನ ತೋಡು ಕಚ್ಕೊಂಡು ಬುಗುರಿ ಥರ ತಿರುಗೋದು ಇದರಿಂದ, ನಡುವೆ ಹೊಟ್ಟೆ ಒಡೆಯೋ ಕೊಳವೆ, ಸುತ್ತ ಬಿಳಿ ರಂಜಕ, ಗಾಳಿ ತಗುಲಿದ್ರೆ ಸಾಕು ಹೊತ್ಕೊಳ್ಳುತ್ತೆ, ಆ ಹೊಗೆ ಮರೆಯಲ್ಲಿ ನಮ್ಮವರು ನಡ್ಕೊಂಡು ಹೋಗ್ತಾರೆ, ಇದು ಕೊಲ್ಲೋ ಸಾಮಾನಲ್ಲ ಕಣೇ, ಕಾಪಾಡೋ ಸಾಮಾನು — ನಂಬಿದ್ದೆ, ಮನೆಗೆ ಬಂದು ಅಮ್ಮನಿಗೂ ಹೇಳಿದ್ದೆ — ಒಂದೇ ಮಾತು ನೆನಪಿಟ್ಕೋ, ಅಂದಿದ್ದ ಮಾವ, ಯಾವತ್ತೂ ಮಲಗಿಸಬಾರದು, ನಿಲ್ಲಿಸೇ ಇಡಬೇಕು, ಸೆಕೆಗೆ ಒಳಗಿನದು ಮೇಣದ ಥರ ಕರಗುತ್ತೆ, ಮಲಗಿದ್ರೆ ಒಂದೇ ಮಗ್ಗುಲಿಗೆ ಹರಿದು ಅಲ್ಲೇ ಗಟ್ಟಿಯಾಗುತ್ತೆ, ಆಮೇಲೆ ಕುಡುಕನ ಹಾಗೆ ತೂರಾಡ್ಕೊಂಡು ಎಲ್ಲಿ ಬೀಳುತ್ತೋ ದೇವರಿಗೇ ಗೊತ್ತು.

ದೇವರಿಗೆ ಗೊತ್ತಿತ್ತೋ ಇಲ್ಲವೋ, ಮಾವನಿಗೆ ಗೊತ್ತಿತ್ತು, ಆದರೆ ದೊಡ್ಡ ಸಾಹೇಬರು ನೋಡಲು ಬರುತ್ತಾರೆ, ಸ್ಟ್ಯಾಂಡು ತುಕ್ಕು ಹಿಡಿದಿವೆ, ಬಳಿಯಿರೋ ಬಣ್ಣ ಎಂದ, ನಲವತ್ತು ಶೆಲ್ ನೆಲದ ಮೇಲೆ ಮಲಗಿದವು, ಮೂರು ಸಾಲು, ಗೋಡೆ ಕಡೆ ಮೂತಿ, ತಗಡಿನ ಸೂರಿನ ಕೆಳಗೆ ಮೂರು ದಿನ, ಕುಡಿಯುವ ನೀರೂ ನಾಲಿಗೆ ಸುಡುತ್ತಿದ್ದ ಮೂರು ದಿನ, ಮಾವ ಇವನ್ನ ಮಲಗಿಸಬಾರದಲ್ವಾ ಅಂತ ಕೇಳಿದೆ, ಎಲ್ಲರೆದುರು, ಅದೇ ನನ್ನ ತಪ್ಪು, ನಿನ್ನ ಮೂಗು ಒರೆಸಿದೋನು ನಾನು, ನಂಗೇ ಪಾಠನಾ ಅಂದ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಕ್ಕದ್ದು ಯಾಕೆ, ನಾಲ್ಕನೆಯ ದಿನ ಹಳದಿ ಸ್ಟ್ಯಾಂಡಿನಲ್ಲಿ ಎಲ್ಲ ಸಿಪಾಯಿಗಳ ಹಾಗೆ ನಿಂತಿದ್ದವು, ತಪಾಸಣೆ ನನ್ನದು, ತೂಗಿದೆ, ತೂಕ ಸರಿ, ಯಾವ ಮಗ್ಗುಲಿಗೆ ಭಾರ ಅಂತ ತಕ್ಕಡಿ ಹೇಳುವುದಿಲ್ಲ, ತಪಾಸಣೆ ಹಾಳೆಯಲ್ಲಿ ಸದಾ ನಿಲ್ಲಿಸಿಡಲಾಗಿದೆ ಎಂಬ ಸಾಲಿನೆದುರು ಸಹಿ ಹಾಕಿದೆ, ಕೆಳಗೆ ಗೆರೆ ಎಳೆದೆ, ಯಾವಾಗಲೂ ಎಳೆಯುವ ಹಾಗೆ, ಚೆಂದಕ್ಕೆ.

ಬಾವುಟದವನು ದಿನಾ ನನ್ನ ಬಸ್ಸಿನಲ್ಲೇ ಬರುವವನು, ಪರೀಕ್ಷೆಯ ಬಯಲಿನಲ್ಲಿ ಗುಂಡಿಯೊಳಗೆ ಕೂತು ಕೆಂಪು ಬಾವುಟ ಏರಿಸುವುದು ಇಳಿಸುವುದು ಅವನ ಕೆಲಸ, ಏನ್ ಮೇಡಂ, ನಿಮ್ಮ ಹೊಗೆ ಚೆನ್ನಾಗಿದ್ರೆ ನನ್ನ ಹೆಂಡ್ತಿಗೂ ನಾನು ಕಾಣಿಸ್ಬಾರ್ದು, ಅಂಥದ್ದು ಮಾಡಿ ಅನ್ನುತ್ತಿದ್ದ, ಆ ನಲವತ್ತನ್ನು ಹಾರಿಸಿ ನೋಡುವಾಗ ಹತ್ತೊಂಬತ್ತನೆಯ ಶೆಲ್ ಬಯಲಿನ ಅರ್ಧಕ್ಕೇ ಬಿತ್ತು, ಗುಂಡಿಯ ಬಾಯಲ್ಲೇ, ಈಗ ಬೆನ್ನು ಪೂರ್ತಿ ಹೋಗಿದೆ, ಆಸ್ಪತ್ರೆಯಲ್ಲಿ ಒಂದೇ ಮಗ್ಗುಲಾಗಿ ಮಲಗಿಸಿದ್ದಾರೆ, ಗೋಡೆ ಕಡೆ ಮುಖ, ಈ ಕಡೆ ಹೊರಳಿಸಂಗಿಲ್ಲ ಕಣ್ರೀ, ಏನಿದ್ರೂ ಬೆನ್ನಿಗೇ ಹೇಳಿ, ಕೇಳಿಸುತ್ತೆ ಅಂದಳು ಅವನ ಹೆಂಡತಿ, ನಾನು ಬೆನ್ನಿಗೂ ಹೇಳಲಿಲ್ಲ, ಮೂಸಂಬಿ ಇಟ್ಟು ಬಂದೆ, ಹೇಡಿ ನಾನು, ಅವನು ಗುಂಡಿ ಬಿಟ್ಟು ಹೊರಗೆ ಬಂದಿದ್ದ, ತಪ್ಪು ಅವನದೇ ಎಂದು ವರದಿ ಆಗಲೇ ಟೈಪಾಗಿದೆಯಂತೆ, ಅಮ್ಮ ಬೆಳಿಗ್ಗೆ ನನ್ನ ತಲೆ ಬಾಚುತ್ತಾ, ನಿವೃತ್ತಿಗೆ ನಾಲ್ಕು ತಿಂಗಳು ಕಣೇ ಅಣ್ಣನಿಗೆ, ಉಂಡ ಮನೆಗೆ ಎರಡು ಬಗೀಬೇಡ, ಎಂದು ಜಡೆ ಎಷ್ಟು ಬಿಗಿಯಾಗಿ ಎಳೆದಳೆಂದರೆ —

ಬಾಗಿಲು, ಮಾವ, ನನ್ನ ಭುಜ ತಟ್ಟುತ್ತಾನೆ, ಒಂದೇ ಪ್ರಶ್ನೆ ಪುಟ್ಟಿ, ಒಂದೇ ಉತ್ತರ, ಹೋಗ್ಬಾ, ಅವನ ಉಗುರಿನ ಸಂದಿಯಲ್ಲಿ ಹಳದಿ, ನನ್ನ ಅಂಗೈಯಲ್ಲೂ ಹಳದಿ, ಒಳಗೆ ಫ್ಯಾನು, ಮೂರು ಜನ, ಟೈಪಾದ ಹಾಳೆ, ಈ ಸಹಿ ನಿಮ್ದೇನಮ್ಮ, ನಂದೇ ಸಾರ್, ಶೆಲ್ಲು ಪೂರಾ ಹೊತ್ತು ನಿಂತಿದ್ವು ತಾನೆ, ಹೂಂ ಅನ್ನಬೇಕು, ಹೂಂ ಎಷ್ಟು ಸಣ್ಣದು, ಬಾಯಿ ತೆರೆಯದೆಯೂ ಅನ್ನಬಹುದು — ಇಲ್ಲ ಸಾರ್, ಮಲಗಿದ್ವು, ಮೂರು ದಿನ, ಸ್ವರ ನನ್ನದೇ, ಪಕ್ಕದ ಟೈಪಿಸ್ಟನ ಕೈ ನಿಂತಿದೆ, ಯಾರು ಮಲಗಿಸಿದ್ದು, ಕೇಳುತ್ತಿದ್ದಾರೆ, ಯಾರಮ್ಮ ಮಲಗಿಸಿದ್ದು, ಬಾಗಿಲ ಸಂದಿಯಲ್ಲಿ ಮಾವನ ಚಪ್ಪಲಿ ಕಾಣುತ್ತಿದೆ, ಅಲುಗುತ್ತಿಲ್ಲ, ಹೇಳುತ್ತೇನೆ, ಹೇಳಲೇಬೇಕು, ಆದರೆ ಕಣ್ಣ ಮುಂದೆ ಬೇರೇನೂ ಬರುತ್ತಿಲ್ಲ, ಬರೀ ಆ ಬೆನ್ನು, ಗೋಡೆ ಕಡೆ ಮುಖ, ಒಂದೇ ಮಗ್ಗುಲು, ಆ ಬೆನ್ನು