ಮುಂದೆ ನಡೆಯುವ ಜಮಾದಾರ

ಶಹಾಪುರದ ಕೆರೆಯ ಸುತ್ತಲಿನ ಓಣಿಗಳಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಒಂದು ಕೆಂದ ನಾಯಿ ನಡೆಯುತ್ತಿತ್ತು. ಕರೆದವರಿಲ್ಲ, ಕಲಿಸಿದವರಿಲ್ಲ. ಹೆಣ ಎತ್ತುವ ಹೊತ್ತಿಗೆ ಎಲ್ಲಿದ್ದರೂ ಬಂದು ಮುಂದೆ ನಿಲ್ಲುವುದು. ಹುಣಸೆಮರದ ತಿರುವಿನಲ್ಲಿ ಕೂತು, ಹಿಂದಿನವರು ಬರುತ್ತಿದ್ದಾರೋ ಇಲ್ಲವೋ ಎಂದು ತಿರುಗಿ ನೋಡಿ, ಆಮೇಲೆ ಮಸಣದವರೆಗೆ ಹೋಗುವುದು. ಆ ಠೀವಿ ನೋಡಿಯೇ ಜನ ಅದಕ್ಕೆ ಜಮಾದಾರ ಎಂದು ಹೆಸರಿಟ್ಟರು. ಅದು ಯಾರ ಮನೆಯದೂ ಅಲ್ಲ. ಬೇಕಾದ ಬಾಗಿಲಲ್ಲಿ ಉಣ್ಣುತ್ತಿತ್ತು, ಬೇಕಾದ ಕಟ್ಟೆಯ ಮೇಲೆ ಮಲಗುತ್ತಿತ್ತು.

ಹೆಣದ ಮೇಲೆ ಎರಚುವ ಚುರುಮುರಿಯ ಆಸೆಗೆ ಹೋಗುತ್ತದೆ ಎಂದು ಚಹದಂಗಡಿಯ ಸುಲ್ತಾನಸಾಬ ನಗುತ್ತಿದ್ದ. ಅವನ ಅಪ್ಪ ತೀರಿಕೊಂಡಾಗ ಚುರುಮುರಿಯೂ ಇರಲಿಲ್ಲ, ಹಲಗೆಯ ಸದ್ದೂ ಇರಲಿಲ್ಲ. ಆದರೂ ಜಮಾದಾರ ಜನಾಜಾದ ಮುಂದೆ ಖಬರಸ್ತಾನದ ಗೇಟಿನವರೆಗೆ ನಡೆಯಿತು. ಅಂದಿನಿಂದ ಸುಲ್ತಾನಸಾಬ ನಗುವುದನ್ನು ಬಿಟ್ಟು ಅದಕ್ಕೆ ದಿನಾ ಒಂದು ಬನ್ನು ಹಾಕತೊಡಗಿದ.

ರೊಟ್ಟಿ ಬಡಿದು ಮಾರುವ ಮರಿಲಿಂಗಮ್ಮನಿಗೆ ಮಾತ್ರ ಈ ನಾಯಿಯಿಂದ ಒಂದು ಕೆಲಸವಾಗಬೇಕಿತ್ತು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ, ತವರಾದ ಕೊಂಕಲ್‌ನಲ್ಲಿ ಗುರುತು ಹಿಡಿಯುವವರಿಲ್ಲ. ತಾನು ಸತ್ತರೆ ಓಣಿಯವರು ಹೊತ್ತಾರು, ಹೊರದೆ ಏನು ಮಾಡಿಯಾರು? ಆದರೆ ತಾನಾಗಿಯೇ ಬಂದ ಜೀವ ಅಂತ ಒಂದಾದರೂ ಬೇಡವೇ? ಸಂಜೆ ಕೊನೆಯ ರೊಟ್ಟಿಯನ್ನು ಹಾಲಲ್ಲಿ ಮುರಿದು ಇಡುತ್ತಾ ದಿನಾ ಒಂದೇ ಮಾತು ಹೇಳುತ್ತಿದ್ದಳು.

“ನನ್ನ ದಿನ ತಪ್ಪಿಸಬ್ಯಾಡಪ್ಪಾ.”

ಜಮಾದಾರ ತಿಂದು, ಬಾಯಿ ನೆಕ್ಕಿಕೊಂಡು, ಕೆರೆಯ ಕಡೆ ಹೋಗುತ್ತಿತ್ತು. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಿದ್ದಳು.

ಒಂದು ಮುಂಜಾನೆ ಉಸುಕಿನ ಟಿಪ್ಪರ್ ಅದರ ಮೇಲೆ ಹಾಯ್ದಿತು. ಓಣಿಗಳೆಲ್ಲ ಸೇರಿದವು. ಓಣಿಯ ಬಸಲಿಂಗನ ಟಂಟಂ ಗಾಡಿಯಲ್ಲಿ ಹೂ ಹಾಸಿ ಮಲಗಿಸಿದರು, ಹಲಗೆ ಬಾರಿಸಿದರು, ಚುರುಮುರಿ ಎರಚಿದರು. ಮರಿಲಿಂಗಮ್ಮ ಅಳಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ರೊಟ್ಟಿ ತಿಂದು ಕೊನೆಗೆ ಕೈಕೊಟ್ಟಿತಲ್ಲ ಎಂದು ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಸಂಜೆ ಕೈ ತಾನಾಗಿಯೇ ಹಾಲಿಗೆ ರೊಟ್ಟಿ ಮುರಿಯಿತು. ಆಗ ಅತ್ತಳು.

ಮಳೆಗಾಲ ಕಳೆದ ಮೇಲೆ ಸಾಬಣ್ಣ ಸತ್ತ. ದೋರನಹಳ್ಳಿಯಿಂದ ಕೂಲಿಗೆ ಬಂದು, ಕೆರೆ ಏರಿಯ ಕೆಳಗೆ ಗುಡಿಸಲು ಹಾಕಿಕೊಂಡು ಒಂಟಿಯಾಗಿದ್ದವನು. ಸುಲ್ತಾನಸಾಬ, ಬಸಲಿಂಗ, ಇನ್ನಿಬ್ಬರು ಸೇರಿ ಚಟ್ಟ ಕಟ್ಟಿದರು. ಹಲಗೆಯವನೊಬ್ಬ ಬಂದ. ಅಷ್ಟೇ ಜನ. ಎಲ್ಲ ಸಿದ್ಧವಾದರೂ ಯಾರೂ ಎತ್ತಲೊಲ್ಲರು. ರೂಢಿಯ ಮೇಲೆ ಓಣಿಯ ತುದಿಯನ್ನು ನೋಡುತ್ತಾ ನಿಂತರು. ಯಾವುದಕ್ಕೆ ಕಾಯುತ್ತಿದ್ದೇವೆಂದು ಹೊಳೆದಾಗ ಎಲ್ಲರೂ ತಲೆ ತಗ್ಗಿಸಿದರು.

ಎದುರು ಮನೆಯಲ್ಲಿ ಹಿಟ್ಟು ನಾದುತ್ತಿದ್ದ ಮರಿಲಿಂಗಮ್ಮ ಇದನ್ನು ನೋಡಿದಳು. ಎದ್ದು ಕೈ ತೊಳೆದು, ಸೆರಗನ್ನು ತಲೆಗೆ ಹೊದ್ದು, ಹೋಗಿ ಚಟ್ಟದ ಮುಂದೆ ನಿಂತಳು.

“ಯವ್ವಾ, ಹೆಣ್ಮಕ್ಕಳು ಹಿಂದ ಬರಬೇಕು,” ಎಂದ ಸುಲ್ತಾನಸಾಬ ಮೆಲ್ಲಗೆ.

“ಮುಂದ ಯಾರರ ಬೇಕಲ್ಲಪ್ಪಾ,” ಎಂದಳು. “ಎತ್ರಿ.”

ಹಲಗೆ ಶುರುವಾಯಿತು. ಹುಣಸೆಮರದ ತಿರುವಿನಲ್ಲಿ ಮರಿಲಿಂಗಮ್ಮ ನಿಂತು ತಿರುಗಿ ನೋಡಿದಳು. ಐದೂ ಜನ ಬರುತ್ತಿದ್ದರು, ನಾಲ್ವರ ಹೆಗಲ ಮೇಲೆ ಸಾಬಣ್ಣ. ಸಮಾಧಾನವಾಯಿತು. ಮತ್ತೆ ಮುಂದಕ್ಕೆ ತಿರುಗಿದಳು. ಮಸಣದವರೆಗಿನ ದಾರಿ ಖಾಲಿ ಇತ್ತು.