ಹಿಂಡಿಯಿಲ್ಲದ ಎಣ್ಣೆ

ಎಣ್ಣೆಯ ವಿಷಯದಲ್ಲಿ ಕುರುಗೋಡಿನ ಗಾಣಿಗ ಎರ್ರಣ್ಣನಿಗೆ ಯಾರೂ ಎದುರಾಡುತ್ತಿರಲಿಲ್ಲ. ಔಡಲವಿರಲಿ, ಕುಸುಬೆಯಿರಲಿ, ಬೆರಳ ನಡುವೆ ತಿಕ್ಕಿ ಬೀಜ ಯಾವ ಹೊಲದ್ದೆಂದು ಹೇಳಿಬಿಡುತ್ತಿದ್ದ. ಅದರಲ್ಲಿ ಅರ್ಧ ಬಡಾಯಿ ಎನ್ನಿ. ಬಸವಣ್ಣನ ಗುಡಿಯ ನಂದಾದೀಪಕ್ಕೆ ಅವನ ಅಜ್ಜನ ಕಾಲದಿಂದಲೂ ಅವರ ಗಾಣದ್ದೇ ಔಡಲೆಣ್ಣೆ. ಊರಿನಲ್ಲಿ ಅವನು ಮೀಸೆ ತಿರುವುತ್ತಿದ್ದದ್ದು ಆ ಒಂದು ದೀಪದ ಬಲದ ಮೇಲೆ.

ಬಳ್ಳಾರಿಗೆ ರೈಲು ಬಂದಿತ್ತು, ರೈಲಿನಲ್ಲಿ ತಗಡಿನ ಡಬ್ಬಿ ತುಂಬಿ ಸೀಮೆಎಣ್ಣೆಯೂ ಬಂತು. ಸಿರುಗುಪ್ಪೆಯ ಯಾವುದೋ ಗುಡಿಯಲ್ಲಿ ಗಾಜಿನ ದೀಪ ತೂಗುಹಾಕಿದ್ದಾರಂತೆ, ಹಗಲಿನ ಹಾಗೆ ಬೆಳಕಂತೆ! ನಮ್ಮ ಬಸವಣ್ಣ ಮಾತ್ರ ಮಿಣುಕು ದೀಪದಲ್ಲಿ ಯಾಕೆ ಕೂರಬೇಕು ಎಂದು ಕೆಲವರು ಗೌಡರ ತಲೆ ತಿಂದರು. ಗೌಡ ಚಿದಾನಂದಪ್ಪ ನಿಧಾನದ ಮನುಷ್ಯ. ಎರ್ರಣ್ಣನನ್ನೇ ಕರೆಸಿದರು.

“ಎಣ್ಣಿ ವಿಷಯಕ್ಕ ಊರಾಗ ನೀನಽ ದೊಡ್ಡಾವ. ಬಳ್ಳಾರಿಗೆ ಹೋಗು, ಅದು ದೇವ್ರ ಮುಂದ ಇಡೋವಂಥ ಎಣ್ಣಿ ಹೌದೋ ಅಲ್ಲೋ ನೋಡ್ಕೊಂಡು ಬಾ. ನೀ ಅಂದಿದ್ದಽ ಕಡೀ ಮಾತು.”

ಫಜೀತಿ ನೋಡಿ. ಹೌದೆಂದರೆ ತನ್ನ ದೀಪ ತಾನೇ ಕಳೆದುಕೊಂಡಂತೆ. ಅಲ್ಲವೆನ್ನಲು ಕಾರಣ ಬೇಕು. ಎರ್ರಣ್ಣ ಗಾಡಿ ಕಟ್ಟಿದ.

ಬಳ್ಳಾರಿ ಸ್ಟೇಷನ್ನಿನ ಗೋದಾಮಿನಲ್ಲಿ ಗುಮಾಸ್ತ ಮಧುಸೂದನರಾಯರು ಸಿಕ್ಕರು. ಮದರಾಸಿನಲ್ಲಿ ರಸಾಯನಶಾಸ್ತ್ರ ಓದಿ ಬಂದವರು, ಕೇಳುವವರು ಸಿಕ್ಕರೆ ಬಿಡುವವರಲ್ಲ. ಎರ್ರಣ್ಣ ಮೊದಲು ಕೇಳಿದ್ದು, ಇದರ ಬೀಜ ಯಾವುದು, ಹಿಂಡಿ ಎಲ್ಲಿ ಹೋಯಿತು ಅಂತ. ಎಣ್ಣೆ ಇದ್ದ ಮೇಲೆ ಹಿಂಡಿ ಇರಲೇಬೇಕಲ್ಲ? ಇಲ್ಲದಿದ್ದರೆ ಎತ್ತು ಏನು ತಿನ್ನಬೇಕು?

ರಾಯರು ನಕ್ಕರು. ಬೀಜವಿಲ್ಲ, ಗಾಣವಿಲ್ಲ, ನೆಲ ಕೊರೆದರೆ ಕರ್ರಗಿನ ಎಣ್ಣೆಯೇ ಮೇಲೆ ಬರುತ್ತದೆ ಎಂದರು. ಅದನ್ನು ಸಾರಾಯಿಯಂತೆ ಭಟ್ಟಿಯಲ್ಲಿ ಕಾಸಬೇಕು. ಮೊದಲು ಆವಿಯಾಗಿ ಇಳಿಯುವುದು ಕಿಡಿ ಸೋಕಿದರೆ ಭಗ್ಗೆನ್ನುವ ತೆಳು ನೀರು, ಆಮೇಲೆ ಈ ದೀಪದ ಎಣ್ಣೆ, ಇನ್ನೂ ಕಾಸಿದರೆ ರೈಲಿನ ಗಾಲಿಗೆ ಹಚ್ಚುವ ಮಂದ ಎಣ್ಣೆ. ಆ ಮಂದದ್ದನ್ನು ತಣ್ಣಗೆ ಮಾಡಿದರೆ ಮೇಣದ ಬತ್ತಿಯ ಬಿಳಿ ಮೇಣ. ತಳದಲ್ಲಿ ಉಳಿಯುವುದು ಡಾಂಬರು. ಎಲ್ಲದರಲ್ಲೂ ಇರುವುದು ಎರಡೇ ಸರಕು, ಇದ್ದಿಲಿನ ಸತ್ವ ಮತ್ತು ಒಂದು ಹಗುರ ಗಾಳಿ. ಆ ಎರಡೂ ಸ್ವಲ್ಪ ಸ್ವಲ್ಪ ಕೂಡಿದರೆ ತೆಳುವು, ಹೆಚ್ಚು ಹೆಚ್ಚು ಕೂಡಿದರೆ ಮಂದ. ನಿನ್ನ ಔಡಲೆಣ್ಣೆಯಲ್ಲೂ ಅವೇ ಇವೆ, ಜೊತೆಗೆ ನಾವು ಉಸಿರಾಡುವ ಗಾಳಿಯದೂ ಒಂದಿಷ್ಟಿದೆ ಎಂದರು.

ಎರ್ರಣ್ಣನ ತಲೆ ಗಿರ್ರೆಂದಿತು. ಕರಿಯದರಿಂದ ಬಿಳಿಯದು, ನೀರಿನಂಥದರಿಂದ ಮೇಣದಂಥದು, ಎಲ್ಲಾ ಒಂದೇ, ತನ್ನ ಎಣ್ಣೆಯೂ ಅದರ ದಾಯಾದಿ! ಹಾಗಾದರೆ ಅದು ಎಣ್ಣೆ ಹೌದೋ ಅಲ್ಲವೋ? ನೆಲದೊಳಕ್ಕೆ ಅದು ಬಂದದ್ದಾದರೂ ಎಲ್ಲಿಂದ ಎಂದು ಕೇಳಿದ. ಈ ಸಲ ರಾಯರು ತಡವರಿಸಿದರು.

“ಹಿಂದ ಸಮುದ್ರದಾಗ ಸತ್ತ ಮೀನು ಗೀನು ಹೂತು ಹಿಂಗಾಗ್ಯಾವ ಅಂತ ಕೆಲವರಂತಾರ. ಅಲ್ಲ, ಕಲ್ಲಿನಿಂದಽ ಹುಟ್ಟೇದ ಅಂತ ಇನ್ನೊಬ್ಬರು. ಖರೇ ಅಂದ್ರ ಯಾರಿಗೂ ಗೊತ್ತಿಲ್ಲ, ಎರ್ರಣ್ಣ.”

ದಾರಿಯುದ್ದಕ್ಕೂ ಎರ್ರಣ್ಣ ಒಬ್ಬನೇ ಗೊಣಗಿಕೊಂಡು ಬಂದ. ಹೆಂಡತಿ ಈರಮ್ಮ ಎಲ್ಲ ಕೇಳಿ ಒಂದನ್ನೇ ಗಟ್ಟಿಯಾಗಿ ಹಿಡಿದಳು. ಮೀನು ಅಂದುಬಿಡು, ಅಲ್ಲಿಗೆ ಮುಗಿಯಿತು ಎಂದಳು. ಅವನಿಗೂ ಅದೇ ಬೇಕಾಗಿತ್ತು.

ಗುಡಿಯ ಕಟ್ಟೆಯ ಮೇಲೆ ಜನ ಸೇರಿದ್ದರು. ಅದು ಸತ್ತ ಮೀನಿನ ಕೊಬ್ಬು ಎಂದು ಎರ್ರಣ್ಣ ಹೇಳಿದ. ಜನ ಶಿವಶಿವಾ ಎಂದರು. ಕೇಳಿ ಬಂದೆಯೋ ನೋಡಿ ಬಂದೆಯೋ ಎಂದು ಗೌಡರು ವಿಚಾರಿಸಿದರು. ಬರೀ ಕೇಳಿ ಬಂದೆ ಎನ್ನಲು ಗಾಣಿಗನ ಮಾನ ಒಪ್ಪೀತೇ? ಹೊಸ ಎಣ್ಣೆ ಕಂಡರೆ ಗಾಣಿಗ ಏನು ಮಾಡುತ್ತಾನೋ ಅದನ್ನೇ ಅವನು ಗೋದಾಮಿನಲ್ಲಿ ಮಾಡಿದ್ದ.

“ನಾಲಿಗಿ ಮ್ಯಾಲ ಇಟ್ಟು ನೋಡೀನ್ರಿ,” ಎಂದ.

ಪಕ್ಕದಲ್ಲಿದ್ದವರು ಮೆಲ್ಲಗೆ ಸರಿದು ಕುಳಿತರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಮೀನಿನ ಕೊಬ್ಬು ನೆಕ್ಕಿ ಬಂದಿದ್ದಾನೆ! ಎರ್ರಣ್ಣನಿಗೆ ದಿಕ್ಕೇ ತೋಚಲಿಲ್ಲ. ಮೀನೆಂದರೆ ತಾನು ಕೆಟ್ಟ, ಅಲ್ಲವೆಂದರೆ ದೀಪ ಹೋಯಿತು.

“ಮೀನಲ್ರಿ ಗೌಡ್ರ. ಅದು ಏನಂತ ಯಾರಿಗೂ ಗೊತ್ತಿಲ್ಲಂತ, ನನಗೂ ತಿಳೀಲಿಲ್ಲ. ದೀಪ ಹೋಗ್ತೈತಂತ ಹೆದರಿ ಹಂಗಂದೆ.”

ಚಿದಾನಂದಪ್ಪ ಗುಡಿಯೊಳಗಿನ ದೀಪದ ಕಡೆ ತಿರುಗಿದರು.

“ನಿನಗಽ ತಿಳೀದಿದ್ದು ದೇವ್ರ ಮುಂದ ಯಾಕ ಇಡೋಣು? ಅಷ್ಟು ಅಂದಿದ್ರ ಸಾಕಾಗಿತ್ತಲ್ಲೋ ಎರ್ರಣ್ಣ. ದೀಪಕ್ಕ ಔಡಲೆಣ್ಣೀನಽ ಇರ್ಲಿ.” ಎರ್ರಣ್ಣನಿಗೆ ಹೋದ ಜೀವ ಬಂದಂತಾಯಿತು. ಗೌಡರು ಅವನ ಮುಖ ನೋಡದೆ ಮುಗಿಸಿದರು: “ಆದ್ರ ದೇವ್ರ ಕಟ್ಟಿ ಮ್ಯಾಲ ಸುಳ್ಳಾಡೀದಿ, ನಿನ್ನ ಗಾಣದ್ದು ಬ್ಯಾಡ. ಸಿರುಗುಪ್ಪಿಯಿಂದ ತರಸ್ತೀವಿ.”

ಮನೆಯಲ್ಲಿ ಈರಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಏನಾಯಿತೆಂದು ಕೇಳಿದಳು. ಔಡಲೆಣ್ಣೆಯೇ ಇರಲಿ ಅಂದರು ಎಂದ. ಅವಳು ಗುಡಿಯ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು, ಒಳಗೆ ಓಡಿ ನಾಳೆಯ ದೀಪಕ್ಕೆಂದು ತಿಳಿಯಾದ ಎಣ್ಣೆ ಬಸಿಯತೊಡಗಿದಳು.

ಎರ್ರಣ್ಣ ಹೊಸ್ತಿಲ ಮೇಲೆ ಕುಳಿತು ಅಳುತ್ತಿದ್ದ. ಅವಳು ಅದನ್ನು ಸಂತೋಷದ ಅಳುವೆಂದೇ ತಿಳಿದಳು.