ಕನ್ನಡಿಯ ಎದುರಿನ ಕುರ್ಚಿ

ಬಂದರು ಬಿಟ್ಟು ಅರ್ಧ ಗಂಟೆಯಾಗಿತ್ತು. ಪ್ರವಾಸಿ ಹಡಗಿನ ಐದನೇ ಮಹಡಿಯ ರೆಸ್ಟೊರೆಂಟಿನಲ್ಲಿ ನಾನು ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದೆ. ಮಡಚಿದ್ದ ಕರವಸ್ತ್ರವನ್ನು ಮತ್ತೆ ಮಡಚಿದೆ. ನೆಲಕ್ಕೆ ಬೋಲ್ಟ್ ಹಾಕಿದ ಮೇಜನ್ನೂ ಅಲುಗಾಡಿಸಿ ನೋಡಿದೆ. ಈ ಹಾಲಿನ ಒಳಾಂಗಣ ವಿನ್ಯಾಸ ನನ್ನದು, ನಾನೊಬ್ಬಳೇ ಮಾಡಿದ ಮೊದಲ ಕೆಲಸ. ಇವತ್ತು ಪರೀಕ್ಷೆಯ ಯಾನ. ಹಡಗಿನ ಯಜಮಾನರು ನೆಂಟರಿಷ್ಟರ ಜೊತೆ ಇಲ್ಲೇ ಊಟ ಮಾಡಿ, ಎರಡನೇ ಹಡಗನ್ನೂ ನನಗೇ ಒಪ್ಪಿಸಬೇಕೋ ಬೇಡವೋ ಎಂದು ಹೇಳುವವರಿದ್ದರು.

ನಾನೂ ಜೊತೆಗೆ ಒಬ್ಬರನ್ನು ಕರೆತರಬಹುದಿತ್ತು. ಅಪ್ಪನನ್ನು ಕರೆತಂದಿದ್ದೆ, ಮೂಗು ತೂರಿಸಬಾರದು ಎಂಬ ಷರತ್ತಿನ ಮೇಲೆ. ನಲವತ್ತು ವರ್ಷ ಹಡಗುಗಳ ಊಟದ ಹಾಲ್ ಕಟ್ಟಿದ ಬಡಗಿ ಅವನು. ದೀಪದ ಗೊಂಚಲು ತೂಗದಂತೆ ಸರಪಳಿಯ ಬದಲು ಕಂಬಿಯಿಂದ ಬಿಗಿಯುವುದು, ತಟ್ಟೆ ಜಾರದಂತೆ ಮೇಜಿನ ಅಂಚಿಗೆ ಬೆರಳಗಲದ ಪಟ್ಟಿ ಹೊಡೆಯುವುದು, ಎಲ್ಲ ಅವನೇ ಹೇಳಿಕೊಟ್ಟದ್ದು. ಅವನ ಒಂದು ಮಾತನ್ನು ಮಾತ್ರ ನಾನು ಕೇಳಲಿಲ್ಲ. ಕಿಟಕಿಗಳ ಎದುರು ಗೋಡೆಯುದ್ದಕ್ಕೂ ಹದಿನಾಲ್ಕು ಕನ್ನಡಿ ಹಾಕಿಸಿದ್ದೆ.

"ಬೇಡ ಕಣೇ," ಅಂದಿದ್ದ, ನಕ್ಷೆ ನೋಡಿದ ದಿನವೇ.

"ಯಾಕೆ?"

"ಬೇಡ ಅಂದ್ರೆ ಬೇಡ. ಹಡಗಲ್ಲಿ ಯಾರೂ ಹಾಕಲ್ಲ."

ಕಾರಣ ಹೇಳದ ಮಾತಿಗೆ ತಲೆಯಾಡಿಸುವುದು ನನ್ನ ಜಾಯಮಾನವಲ್ಲ. "ಅದೆಲ್ಲ ನಿನ್ ಕಾಲದ್ದು," ಎಂದು ಬಾಯಿ ಮುಚ್ಚಿಸಿದ್ದೆ. ಗೋದಾಮಿನಲ್ಲಿ ಮಾದರಿ ಹಾಲ್ ಕಟ್ಟಿ ನೋಡಿದಾಗ ಸೊಗಸಾಗಿತ್ತು. ಹಡಗು ಬಂದರಿನಲ್ಲಿ ನಿಂತಿದ್ದಾಗ ಇನ್ನೂ ಸೊಗಸು. ಕಿಟಕಿಗೆ ಬೆನ್ನು ಹಾಕಿ ಕೂತವರಿಗೂ ಕಡಲು ಕಾಣುತ್ತಿತ್ತು.

ಸೂಪ್ ಬಡಿಸುವ ಹೊತ್ತಿಗೆ ಹಡಗು ತೆರೆದ ಕಡಲಿಗೆ ಬಂದು ಮೆಲ್ಲಗೆ ಓಲಾಡತೊಡಗಿತು. ಕನ್ನಡಿಯ ಬದಿ ಮೇಲೆದ್ದಾಗ ಆ ಕಡೆ ಆಕಾಶ ಕಾಣಬೇಕು. ಕನ್ನಡಿಯಲ್ಲಿ ಮಾತ್ರ ನೀರು ತುಂಬಿಕೊಳ್ಳುತ್ತಿತ್ತು. ಮೈ ಒಂದು ಹೇಳಿದರೆ ಕಣ್ಣು ಇನ್ನೊಂದು ಹೇಳುತ್ತಿತ್ತು. ಯಜಮಾನರ ತಂಗಿ ಚಮಚ ಕೆಳಗಿಟ್ಟರು. ಅವರ ಗಂಡ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಕನ್ನಡಿಗೆ ಮುಖ ಮಾಡಿ ಕೂತವರು ಒಬ್ಬೊಬ್ಬರಾಗಿ ಎದ್ದು ಕಿಟಕಿಗಳ ಬಳಿಗೆ ಹೋದರು.

"ಅಡುಗೆಯವ್ರನ್ನ ಕರೀರಿ," ಯಜಮಾನರು ಗುಡುಗಿದರು. "ಸೂಪಿಗೆ ಏನ್ ಹಾಕಿದಾರೆ?"

ಮುಖ್ಯ ಅಡುಗೆಯವರು ಓಡಿಬಂದರು. "ಎಲ್ಲಾ ತಾಜಾ ಸಾರ್, ಈಗ ತಾನೇ ಇಳಿಸಿದ್ದು," ಎನ್ನುತ್ತ ತಾವೇ ಒಂದು ಚಮಚ ಕುಡಿದು ತೋರಿಸಿದರು. ನಾನು ಕೈ ಕೈ ಹಿಸುಕಿಕೊಳ್ಳುತ್ತ ನಿಂತಿದ್ದೆ. ಇನ್ನೈದು ನಿಮಿಷ ಸುಮ್ಮನಿದ್ದರೆ ತಪ್ಪೆಲ್ಲ ಸೂಪಿನ ಮೇಲೆ ಬೀಳುತ್ತದೆ, ಎರಡನೇ ಹಡಗು ನನ್ನದಾಗುತ್ತದೆ. ಹಾಗೆ ಯೋಚಿಸಿದೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಅಪ್ಪ ಕಣ್ಣಿಗೆ ಬಿದ್ದ. ಖಾಲಿಯಾದ ಸಾಲಿನಲ್ಲಿ ಅವನೊಬ್ಬನೇ, ಕನ್ನಡಿಗೆ ಮುಖ ಮಾಡಿ ಸೂಪ್ ಕುಡಿಯುತ್ತಿದ್ದ. ಹಣೆಯ ಮೇಲೆ ಬೆವರ ಸಾಲು. ಎಡಗೈ ಮೇಜಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು.

"ಅಪ್ಪ, ಎದ್ದು ಈ ಕಡೆ ಬಾ."

"ಶ್, ಸುಮ್ನಿರು," ಅಂದ ಪಿಸುದನಿಯಲ್ಲಿ. "ನಾನೂ ಎದ್ರೆ ಈ ಸಾಲು ಪೂರ್ತಿ ಖಾಲಿ ಆಗತ್ತೆ. ಆಗ ಎಲ್ರೂ ಕನ್ನಡಿ ಕಡೇನೇ ನೋಡ್ತಾರೆ."

ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಪಕ್ಕದ ಮೇಜಿನ ಹಾಸುಬಟ್ಟೆ ಎಳೆದುಕೊಂಡೆ.

"ಸಾರ್, ಸೂಪ್ ಸರಿಯಾಗೇ ಇದೆ. ತಪ್ಪು ಕನ್ನಡೀದು. ಅಂದ್ರೆ ನಂದು."

ಕುರ್ಚಿ ಹತ್ತಿ ಮೊದಲ ಕನ್ನಡಿಗೆ ಬಟ್ಟೆ ಹೊದಿಸಿದೆ. ಬಟ್ಟೆಯ ಇನ್ನೊಂದು ತುದಿಯನ್ನು ಅಡುಗೆಯವರೇ ಹಿಡಿದರು. ಹದಿನಾಲ್ಕನ್ನೂ ಮುಚ್ಚುವಷ್ಟರಲ್ಲಿ ಎದ್ದು ಹೋದವರ ಮುಖಕ್ಕೆ ಬಣ್ಣ ಮರಳಿತ್ತು. ಯಜಮಾನರು ಬಟ್ಟೆಗಳನ್ನು ನೋಡಿದರು, ನನ್ನನ್ನು ನೋಡಿದರು. "ಇನ್ನೊಂದು ಹಡಗಿನ ವಿಷ್ಯ ಆಮೇಲೆ ಮಾತಾಡೋಣ," ಅಂದರು. ಆ ಆಮೇಲೆ ಯಾವತ್ತೂ ಬರುವುದಿಲ್ಲವೆಂದು ನನಗೆ ಗೊತ್ತಾಯಿತು.

ಅಪ್ಪನ ಎದುರು ಕುಸಿದು ಕೂತೆ. ದುಃಖಕ್ಕಿಂತ ಸಿಟ್ಟೇ ಮೊದಲು ಬಂತು.

"ಆವತ್ತೇ ಕಾರಣ ಹೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

"ಗೊತ್ತಿದ್ರೆ ಹೇಳ್ತಿರ್ಲಿಲ್ವೇನೇ?" ಅಪ್ಪ ಬೆವರು ಒರೆಸಿಕೊಂಡ. "ಹಾಕ್ಬಾರ್ದು ಅಂತಷ್ಟೇ ನಮ್ ಮೇಸ್ತ್ರಿ ಹೇಳಿದ್ದು. ಎಷ್ಟು ಹಾಲ್ ಕಟ್ಟಿದೀನೋ ಲೆಕ್ಕ ಇಲ್ಲ. ಕೂತು ಊಟ ಮಾಡ್ತಿರೋದು ಇವತ್ತೇ ಮೊದಲು."

ಆಮೇಲೆ ಅಡುಗೆಯವರ ಕಡೆ ತಿರುಗಿ, ಇನ್ನೊಂದು ಬಟ್ಟಲು ಸೂಪ್ ಸಿಗುತ್ತದೆಯೇ ಎಂದು ಕೇಳಿದ.